ಸಮುದ್ರದ ಸ್ವಗತ ಮತ್ತು ಇಪ್ಪತ್ತಮೂರು ಪಾತ್ರೆ ಮೀನುಸಾರು

ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ನಮ್ಮ ಸ್ಕಾರ್ವಿಕ್‌ಗಿಂತ ದೊಡ್ಡ ಊರುಗಳಿವೆ ಎಂದು ಭೂಪಟ ಮಾಡುವವರು ಹೇಳುತ್ತಾರೆ. ಅವರು ಅಳೆಯುವುದು ನೆಲವನ್ನು, ನಾಲಗೆಯನ್ನಲ್ಲ. ಮೂರು ಸಾವಿರದ ನಾನೂರು ಜನ, ಒಂದು ಚರ್ಚು, ಒಂದು ದಿನಸಿ ಅಂಗಡಿ, ವಾರಕ್ಕೆರಡು ಸಲ ಬರುವ ಪತ್ರಿಕೆ, ಕೊಡೆ ಬಿಚ್ಚಿದವನ ಕೈಯಲ್ಲಿ ಬರೀ ಹಿಡಿಯನ್ನಷ್ಟೇ ಬಿಟ್ಟು ಹೋಗುವ ಗಾಳಿ. ಇಂಥ ಊರಿಗೆ ವರ್ಷಕ್ಕೊಂದು ದಿನ, ಫೆಬ್ರವರಿಯಲ್ಲಿ, ಇಡೀ ಯುರೋಪಿನಲ್ಲೇ ಯಾವ ರಾಜಧಾನಿಗೂ ಇಲ್ಲದ ಗತ್ತು ಬಂದುಬಿಡುತ್ತದೆ. ಅದು ಶಾಲೆಯ ನಗೆಯಾಟದ ದಿನ.

ನಗೆಯಾಟವೆಂದರೆ ಕೊನೆಯ ವರ್ಷದ ವಿದ್ಯಾರ್ಥಿಗಳು ತಾವೇ ಬರೆದು, ಸಣ್ಣಪುಟ್ಟ ಪಾತ್ರಕ್ಕೆ ಕಿರಿಯರನ್ನೂ ಸೇರಿಸಿಕೊಂಡು ಆಡುವ ಎರಡು ಗಂಟೆಯ ಪ್ರಹಸನಗಳ ಸರಮಾಲೆ. ವರ್ಷವಿಡೀ ಊರಿನಲ್ಲಿ ಯಾರು ಎಲ್ಲಿ ಎಡವಿದರು, ಯಾರ ದೋಣಿ ಯಾರ ದೋಣಿಗೆ ಗುದ್ದಿತು, ಪಾದ್ರಿಗಳು ಯಾರ ಮದುವೆಯಲ್ಲಿ ಯಾರ ಹೆಸರು ಹೇಳಿದರು ಎಂಬುದೆಲ್ಲ ಅಲ್ಲಿ ವೇದಿಕೆಗೆ ಬರುತ್ತದೆ. ಬೇರೆ ಊರಿನವರಾದರೆ ಇದನ್ನು ಅವಮಾನ ಎಂದುಕೊಂಡಾರು. ನಮ್ಮಲ್ಲಿ, ತನ್ನನ್ನು ಆಡಿಕೊಳ್ಳುತ್ತಾರೆಂದು ಗೊತ್ತಾದ ಮನುಷ್ಯ ಹೊಸ ಸ್ವೆಟರ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಮರುದಿನ ಅಂಗಡಿಯಲ್ಲಿ ನಾಲ್ಕು ಜನ ಮಾತಾಡಿಸಲಿ ಎಂದು ಅರ್ಧ ಗಂಟೆ ಆಲೂಗಡ್ಡೆ ಆರಿಸುತ್ತಾನೆ. ಆಟದ ಕಾರ್ಯಕ್ರಮ ಪಟ್ಟಿಯಲ್ಲೂ ಅಷ್ಟೇ, ಆಡುವವರ ಹೆಸರು ಇರುವೆಯಷ್ಟು, ಆಡಿಸಿಕೊಳ್ಳುವವರ ಹೆಸರು ಆನೆಯಷ್ಟು.

ಆದರೆ ಒಂದು ಕಟ್ಟಳೆಯುಂಟು. ಐವತ್ತು ವರ್ಷದ ಹಿಂದೆ ಒಬ್ಬ ಹಿರಿಯರ ಟೋಪಿಯ ಮೇಲೆ ಭರ್ಜರಿ ಪ್ರಹಸನ ಕಟ್ಟಿದ್ದರಂತೆ. ಆಟಕ್ಕೆ ಎರಡು ದಿನವಿರುವಾಗ ಆ ಹಿರಿಯರು ಟೋಪಿಯನ್ನು ಗೂಟದಲ್ಲೇ ಬಿಟ್ಟು ಪರಲೋಕಕ್ಕೆ ಹೊರಟುಹೋದರು. ಅಂದಿನಿಂದ ಊರಿನ ತೀರ್ಮಾನ: ಸಾಯುವಷ್ಟು ಕಾಯಿಲೆಯಾದವರು, ಮನೆಯಲ್ಲಿ ಹೊಸದಾಗಿ ಸಾವು ಕಂಡವರು, ಪೊಲೀಸರ ತನಿಖೆಗೆ ಸಿಕ್ಕಿದವರು, ಈ ಮೂರು ಬಗೆಯವರನ್ನು ನಗೆಯಾಟ ಮುಟ್ಟಬಾರದು. ಉಳಿದ ಯಾರಿಗೂ ವಿನಾಯಿತಿ ಇಲ್ಲ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ. ಆದ್ದರಿಂದಲೇ ಯಾರೂ ಮುರಿದಿರಲಿಲ್ಲ.

ಅಸ್ಲಾಕ್ ಮುರಿದ.

ಹದಿನೆಂಟು ವರ್ಷದ ಅಸ್ಲಾಕ್ ಊರಿನವನಲ್ಲ, ಎದುರಿನ ದ್ವೀಪದವನು. ಅಂದರೆ ದೋಣಿಯಲ್ಲಿ ನಲವತ್ತು ನಿಮಿಷದ ದೂರದ ಪರದೇಶಿ. ದ್ವೀಪದಲ್ಲಿ ದೊಡ್ಡ ಶಾಲೆ ಇಲ್ಲದ್ದರಿಂದ ಊರಿನಲ್ಲಿ ಓಲೌಗ್ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ. ಕೈಕಾಲು ಎಷ್ಟು ಉದ್ದವೆಂದರೆ ಅವನು ಕೂತ ಮೇಲೆ ಮೊಣಕಾಲು ಬಂದು ಸೇರಲು ಇನ್ನೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ಆ ಕಾಲುಗಳ ದೆಸೆಯಿಂದಲೇ ಹಿಂದಿನ ಎರಡು ವರ್ಷ ನಗೆಯಾಟದಲ್ಲಿ ಅವನಿಗೆ ಸಿಕ್ಕ ಪಾತ್ರ ಒಂದೇ, ಹಸುವಿನ ಹಿಂಗಾಲು. ಮುಂಗಾಲು ಅವನ ತರಗತಿಯ ಬ್ರೇದೆ. ಬ್ರೇದೆಗೆ ಹಸುವಿನ ತಲೆಯೂ ಇತ್ತು, ತಲೆಗೆ ಮಾತೂ ಇತ್ತು. ಅಸ್ಲಾಕ್‌ಗೆ ಇದ್ದದ್ದು ಬಾಲದ ದಾರ.

ಎರಡು ವರ್ಷ ಕತ್ತಲೆಯಲ್ಲಿ ಬಗ್ಗಿ ನಿಂತು ಬ್ರೇದೆಯ ಬೆನ್ನನ್ನೇ ನೋಡಿದವನು ಚಿಂತಕನಾಗದೆ ಗತಿಯಿಲ್ಲ. ಅಸ್ಲಾಕ್ ಒಂದು ದಪ್ಪ ಪುಸ್ತಕ ಇಟ್ಟುಕೊಂಡ. ಅದರಲ್ಲಿ ಮೂರು ಭಾಗ: ಶಾಲೆ, ಲೋಕ, ರಂಗಭೂಮಿ. ಶಾಲೆಯ ಕೆಳಗೆ, "ಗಂಟೆ ಹೊಡೆದಾಗ ನಾವು ಏಳುತ್ತೇವೆ. ಆದರೆ ಎಚ್ಚರಾಗುತ್ತೇವೆಯೇ?" ಎಂದು ಬರೆದಿದ್ದ. ಲೋಕದ ಕೆಳಗೆ, "ಉತ್ತರ ಧ್ರುವ ಕರಗುತ್ತಿದೆ, ಸ್ಕಾರ್ವಿಕ್ ಜನ ದೋಣಿಯ ವೇಳಾಪಟ್ಟಿ ಓದುತ್ತಿದ್ದಾರೆ." ರಂಗಭೂಮಿಯ ಕೆಳಗೆ ಒಂದೇ ಸಾಲು, ಎರಡು ಸಲ ಗೆರೆ ಎಳೆದದ್ದು: "ಹಿಂಗಾಲಿಗೂ ಆತ್ಮವಿದೆ."

ಕೊನೆಯ ವರ್ಷ ಅವನಿಗೂ ಒಂದು ಪ್ರಹಸನ ಬರೆಯುವ ಸರದಿ ಬಂತು. ನಿರ್ದೇಶಕಿ ಸುನ್ನಿವಾ ಅದೇ ತರಗತಿಯವಳು. ಕೊರಳಿಗೆ ಓಟದ ಪಂದ್ಯದ ಗಡಿಯಾರ ನೇತುಹಾಕಿಕೊಂಡು ಓಡಾಡುವವಳು. ಯಾರಾದರೂ "ನಮಸ್ಕಾರ" ಅಂದರೂ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡುವವಳು.

"ಮೇಯರಮ್ಮ ನೀರಿಗೆ ಬಿದ್ದದ್ದು ನಿನಗೆ," ಅಂದಳು. "ಆರು ನಿಮಿಷ. ಅದಕ್ಕೆ ಬರೆಯೋದೇ ಬೇಡ, ತಾನಾಗೇ ನಗು ಬರುತ್ತೆ. ನೀನು ಕೆಡಿಸದಿದ್ರೆ ಸಾಕು."

ಇದು ಸಣ್ಣ ಗೌರವವಲ್ಲ. ಆಗಸ್ಟ್‌ನಲ್ಲಿ ಮೇಯರ್ ಗುನ್ವೊರ್ ಹೊಸ ದೋಣಿಕಟ್ಟೆಯ ಉದ್ಘಾಟನೆಗೆ ಬಂದು, ರಿಬ್ಬನ್ ಕತ್ತರಿಸಿ, ಎರಡು ಹೆಜ್ಜೆ ಹಿಂದೆ ಇಟ್ಟು, ಕತ್ತರಿ ಸಮೇತ ಸಮುದ್ರಕ್ಕೆ ಬಿದ್ದಿದ್ದರು. ಮೇಲೆ ಬಂದಾಗ ತಲೆಗೆ ರಿಬ್ಬನ್ ಸುತ್ತಿಕೊಂಡಿತ್ತು, ಕೈಯಲ್ಲಿ ಕತ್ತರಿ ಹಾಗೇ ಇತ್ತು, "ಈಗ ಕಟ್ಟೆ ಉದ್ಘಾಟನೆಯಾಗಿದೆ" ಎಂದು ಘೋಷಿಸಿದರು. ಊರು ಅಂದಿನಿಂದ ಫೆಬ್ರವರಿಯನ್ನೇ ಕಾಯುತ್ತಿತ್ತು. ಗುನ್ವೊರ್ ಕೂಡ ಸೆಪ್ಟೆಂಬರ್‌ನಲ್ಲೇ ಹೊಸ ಸ್ವೆಟರ್ ಹೆಣೆಯಲು ಕೂತಿದ್ದರು.

ಅಸ್ಲಾಕ್ ಮೂರು ವಾರ ಬಾಗಿಲು ಹಾಕಿಕೊಂಡು ಬರೆದ. ಬರೆದದ್ದು ಮೇಯರಮ್ಮನ ಬಗ್ಗೆ ಅಲ್ಲ. ಯಾರೋ ಒಬ್ಬರು ನೀರಿಗೆ ಬಿದ್ದದ್ದು ಒಂದು ವಿಷಯವೇ, ನೀರಿನ ಕಡೆಯಿಂದ ಯಾರಾದರೂ ಯೋಚಿಸಿದ್ದಾರೆಯೇ ಎಂದು ಅವನಿಗೆ ಹೊಳೆದುಬಿಟ್ಟಿತ್ತು. ಪ್ರಹಸನದ ಹೆಸರು 'ಸಮುದ್ರದ ಸ್ವಗತ'. ಒಂದು ದೊಡ್ಡ ನೀಲಿ ಟಾರ್ಪಾಲು. ಅದರ ಕೆಳಗೆ ಅಸ್ಲಾಕ್. ಸಮುದ್ರವು ಹನ್ನೊಂದು ನಿಮಿಷ ಮನುಕುಲದೊಂದಿಗೆ ಮಾತಾಡುತ್ತದೆ. ನಗುವಿಗೆ ಜಾಗ ಇರಲಿಲ್ಲ. ಪಟ್ಟಿಯನ್ನು ಮುದ್ರಣಕ್ಕೆ ಕೊಡುವ ವಾರ ಸುನ್ನಿವಾ ಜ್ವರದಿಂದ ಮಲಗಿದ್ದಳು; "ನೀನೇ ಕೊಟ್ಟು ಬಾ" ಅಂದಳು. ಅಸ್ಲಾಕ್ ಒಂದು ಸಾಲು ಹೊಡೆದುಹಾಕಿ ಒಂದು ಸಾಲು ಸೇರಿಸಿ ಕೊಟ್ಟುಬಂದ. ಇತಿಹಾಸದಲ್ಲಿ ಇದಕ್ಕಿಂತ ಸಣ್ಣ ಗೆರೆಯಿಂದ ಇದಕ್ಕಿಂತ ದೊಡ್ಡ ಅನಾಹುತ ಆದದ್ದಿಲ್ಲ. ಇದ್ದರೆ ಸ್ಕಾರ್ವಿಕ್‌ನಲ್ಲಿ ಆಗಿಲ್ಲ.

ಆಟಕ್ಕೆ ಒಂದು ವಾರ ಮುಂಚೆ, ಬುಧವಾರ ಬೆಳಿಗ್ಗೆ ಪಟ್ಟಿ ದಿನಸಿ ಅಂಗಡಿಯ ಬಾಗಿಲಿಗೆ ಬಿತ್ತು. ಅಸ್ಲಾಕ್ ಅಜ್ಜಿಗೆ ಹಾಲು ತರಲು ಹೋದಾಗ ಅಂಗಡಿಯ ಯೋರುನ್ ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ಓದುತ್ತಿದ್ದಳು. ಅವಳ ಹಿಂದೆ ಐದಾರು ಹೆಂಗಸರು.

"ಗುನ್ವೊರ್ ಹೆಸರಿಲ್ಲ," ಅಂದಳು ಯೋರುನ್.

"ಹಿಂದಿನ ಪುಟ ನೋಡೇ."

"ಹಿಂದಿನ ಪುಟದಲ್ಲಿ ಹಲ್ಲಿನ ಡಾಕ್ಟರ ಜಾಹೀರಾತು. ಇಪ್ಪತ್ತೇಳು ಹೆಸರಿದೆ, ನನ್ನದೂ ಇದೆ, ಪಾದ್ರಿಗಳ ನಾಯೀದೂ ಇದೆ. ಗುನ್ವೊರ್‌ದು ಇಲ್ಲ."

ಹಿಂದಿದ್ದವರೂ ಮುಂದೆ ಬಾಗಿ ಓದಿದರು. ಫ್ರಿಜ್ಜು ಗುಂಯ್ಗುಟ್ಟಿತು.

"ಪೊಲೀಸ್ ವಿಷಯ ಇರಬಹುದಾ?" ಎಂದು ಒಬ್ಬಳು ಪಿಸುಗುಟ್ಟಿದಳು.

"ಪೊಲೀಸಿನೋನು ನನ್ನ ತಂಗಿ ಗಂಡ. ಅವನ ಹೊಟ್ಟೇಲಿ ಊಟ ಬಿಟ್ಟು ಏನೂ ನಿಲ್ಲಲ್ಲ. ನನಗೆ ಗೊತ್ತಾಗದೆ ಇರ್ತಿತ್ತಾ?"

"ಮನೇಲಿ ಸಾವೂ ಆಗಿಲ್ಲ."

"ಆಗಿಲ್ಲ," ಅಂದಳು ಯೋರುನ್. "ಇನ್ನೂ ಆಗಿಲ್ಲ."

ಎಲ್ಲರೂ ಒಟ್ಟಿಗೆ ಮೀನಿನ ಪೆಟ್ಟಿಗೆಯ ಕಡೆ ನಡೆದರು. ಅಸ್ಲಾಕ್ ಹಾಲು ಹಿಡಿದುಕೊಂಡು, "ಅವರಿಗೆ ಏನೂ ಆಗಿಲ್ಲ. ಆ ಪಟ್ಟಿ ಕೊಟ್ಟವನೇ ನಾನು," ಅಂದ.

ಯೋರುನ್ ತಿರುಗಿ ಅವನ ಕೆನ್ನೆ ಮುಟ್ಟಿದಳು. "ಗೊತ್ತಪ್ಪ. ನಿನಗೆ ಹೇಳಬೇಡ ಅಂದಿದಾರೆ. ನೀನು ಹೇಳ್ಬೇಡ. ನಾವು ಕೇಳಲ್ಲ."

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಬಂದು ಅಡುಗೆಮನೆಯಲ್ಲಿ ಕೂತಿತ್ತು. ಓಲೌಗ್ ಅಜ್ಜಿ ದೊಡ್ಡ ಪಾತ್ರೆಯಲ್ಲಿ ಮೀನುಸಾರು ಕುದಿಸುತ್ತಿದ್ದಳು. ನಮ್ಮಲ್ಲಿ ಮೀನುಸಾರಿಗೂ ಒಂದು ಭಾಷೆಯಿದೆ. ಸಣ್ಣ ಪಾತ್ರೆಯೆಂದರೆ ನೆಗಡಿ. ದೊಡ್ಡ ಪಾತ್ರೆ, ಮುಚ್ಚಳಕ್ಕೆ ಟೇಪು, ಟೇಪಿನ ಮೇಲೆ, ಪಾತ್ರೆ ವಾಪಸು ಬರಲೆಂದು, ಕೊಟ್ಟ ಮನೆಯವರ ಹೆಸರು ಬಂದರೆ ವೈದ್ಯರು ಕೈಬಿಟ್ಟಿದ್ದಾರೆಂದೇ ಲೆಕ್ಕ. ಅದರ ಜೊತೆಗೆ "ಪಾತ್ರೆಗೆ ಅವಸರ ಇಲ್ಲ" ಎಂದರೆ ಮುಗಿಯಿತು.

"ಅಜ್ಜಿ, ನಾನು ಹೇಳೋದು ಕೇಳು. ಮೇಯರಮ್ಮ ಕಲ್ಲುಗುಂಡಿನ ಹಾಗಿದಾರೆ. ನಾನೇ ಅವರನ್ನ ಪಟ್ಟಿಯಿಂದ ತೆಗೆದೆ, ಅಷ್ಟೇ."

"ಯಾಕೆ ತೆಗೆದೆ?"

"ಮನುಕುಲದ ಬಗ್ಗೆ ಬರೆಯೋಕೆ."

ಅಜ್ಜಿ ಸೌಟು ಕೆಳಗಿಟ್ಟು ಅವನನ್ನು ದಿಟ್ಟಿಸಿದಳು. "ಪಾಪ, ಸುಳ್ಳು ಹೇಳೋಕೂ ಬರಲ್ಲ ನಿನಗೆ. ನಿಮ್ಮ ತಾತನೂ ಹೀಗೇ. ಎದ್ದು ಆ ಟೇಪು ಕೊಡು."

ಮರುದಿನ ಶಾಲೆಯಲ್ಲಿ ಸುನ್ನಿವಾ ಜ್ವರ ಬಿಟ್ಟು ಎದ್ದು ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಗಡಿಯಾರ ಓಡುತ್ತಿತ್ತು.

"ಹನ್ನೊಂದು ನಿಮಿಷ ಸಮುದ್ರ?"

"ಕತ್ತರಿಸಿದರೆ ಒಂಬತ್ತೂವರೆ."

"ಅಸ್ಲಾಕ್, ನಿನ್ನೆ ನಮ್ಮಮ್ಮ ಅತ್ತಳು. ನಮ್ಮಮ್ಮ ಮೇಯರಮ್ಮನ ಪಕ್ಷಕ್ಕೆ ಒಂದು ದಿನ ಓಟು ಹಾಕಿದವಳಲ್ಲ."

"ನಾನು ಎಲ್ಲರಿಗೂ ಹೇಳ್ತಾ ಇದೀನಿ, ಏನೂ ಇಲ್ಲ ಅಂತ. ಹೇಳಿದಷ್ಟೂ ಜಾಸ್ತಿ ಅಳ್ತಾರೆ."

"ನೀನು ಹೇಳಬೇಡ. ನಿನ್ನ ಮುಖ ನೋಡಿದ್ರೆ ಯಾರಿಗಾದ್ರೂ ಏನೋ ಆಗಿದೆ ಅನ್ಸುತ್ತೆ."

ಹೀಗೆ ಶುಕ್ರವಾರ ಬಂತು. ತಾಲೀಮು ನಡೆಯುತ್ತಿದ್ದ ವ್ಯಾಯಾಮಶಾಲೆಯ ಬಾಗಿಲು ಸಿಡಿದು ತೆರೆದುಕೊಂಡು ಗುನ್ವೊರ್ ಒಳಗೆ ಬಂದರು. ಐವತ್ತೆಂಟು ವರ್ಷ, ಹಿಂದೊಮ್ಮೆ ಜಿಲ್ಲೆಯ ಗುಂಡು ಎಸೆತದ ಚಾಂಪಿಯನ್. ಅವರ ಕೆನ್ನೆಯ ಕೆಂಪನ್ನು ನೋಡಿ ಹಡಗುಗಳು ದಿಕ್ಕು ತಿಳಿದುಕೊಳ್ಳುತ್ತವೆ ಎಂದು ಮೀನುಗಾರರು ಹೇಳುವುದುಂಟು. ಅವರು ಹಸುವಿನ ತಲೆಯನ್ನು ಪಕ್ಕಕ್ಕೆ ಸರಿಸಿ ಬೆಂಚಿನ ಮೇಲೆ ಕೂತರು.

"ಅಸ್ಲಾಕ್ ಅಂದ್ರೆ ಯಾರು?"

ಬ್ರೇದೆ ಕೈ ತೋರಿಸಿದ. ಅಷ್ಟು ಬೇಗ ಅವನು ಯಾವ ಪ್ರಶ್ನೆಗೂ ಉತ್ತರ ಕೊಟ್ಟದ್ದಿಲ್ಲ.

"ಇಪ್ಪತ್ತಮೂರು ಪಾತ್ರೆ," ಅಂದರು ಗುನ್ವೊರ್. "ನಮ್ಮ ಮನೆ ಜಗಲಿ ಮೇಲೆ ಇಪ್ಪತ್ತಮೂರು ಪಾತ್ರೆ ಮೀನುಸಾರು. ನನ್ನ ಗಂಡ ಬೆಳಿಗ್ಗೆ ಸಾರು, ಮಧ್ಯಾಹ್ನ ಸಾರು ಕುಡಿದು ಈಗ ಮಾತಾಡೋದನ್ನೇ ಬಿಟ್ಟಿದಾನೆ. ಅವನು ಮಾತು ಬಿಟ್ಟದ್ದನ್ನ ನೋಡಿ ಅಕ್ಕಪಕ್ಕದವರು 'ದುಃಖ ತಡೆಯೋಕಾಗ್ತಿಲ್ಲ ಪಾಪ' ಅಂತಿದಾರೆ. ನನಗೆ ಏನಾಗಿದೆಯಪ್ಪ? ನನಗೂ ಹೇಳು. ಊರಿಗೆಲ್ಲ ಗೊತ್ತಿದೆ."

"ಏನೂ ಆಗಿಲ್ಲ ಮೇಯರಮ್ಮ."

"ನನಗೂ ಅನುಮಾನ ಬಂದು ನಿನ್ನೆ ಡಾಕ್ಟರ ಹತ್ರ ಹೋದೆ. ಆತ ಎಲ್ಲ ನೋಡಿ, ನೀನು ನನ್ನನ್ನೂ ಹೂತು ಬರ್ತೀಯ ಅಂದ. ಹೊರಗೆ ಬಂದ್ರೆ ಕಾಯೋ ಕೋಣೇಲಿ ಒಂಬತ್ತು ಜನ ಎದ್ದು ನಿಂತ್ಕೊಂಡ್ರು. ಟೋಪಿ ತೆಗೆದ್ರು. ಟೋಪಿ."

ಅಸ್ಲಾಕ್ ಸಮುದ್ರದ ವಿಷಯ ವಿವರಿಸಲು ಹೊರಟ. ಧ್ರುವ ಕರಗುವುದಕ್ಕೆ ಬರುವಷ್ಟರಲ್ಲಿ ಗುನ್ವೊರ್ ಕೈ ಎತ್ತಿದರು.

"ಗುರುವಾರ ನಮ್ಮ ಪಕ್ಷದ ಸಭೆ. ಶರತ್ಕಾಲದ ಚುನಾವಣೆಗೆ ಅಭ್ಯರ್ಥಿಗಳ ಪಟ್ಟಿಯ ಮೊದಲ ಹೆಸರು, ಅಂದ್ರೆ ಮುಂದಿನ ಮೇಯರ್ ಹೆಸರು, ಯಾರದು ಅಂತ ಅವತ್ತು ತೀರ್ಮಾನ. ನಮ್ಮ ಉಪಮೇಯರ್ ಓಡ್ಮುಂಡ್ ಇದಾನಲ್ಲ, ಅವನು ಈಗ ನನ್ನ ಬಗ್ಗೆ ಮಾತಾಡುವಾಗ 'ಒಳ್ಳೆಯವರಾಗಿದ್ದರು' ಅಂತಿದಾನೆ. ನನ್ನ ಎದುರಿಗೇ. ಮೊನ್ನೆ ನನ್ನ ಕಚೇರಿಗೆ ಬಂದು ಕಿಟಕಿ ಪರದೆಯ ಅಳತೆ ತಗೊಂಡ. ನೀನು ಯಾವ ದ್ವೀಪದ ಹುಡುಗ?"

ಅಸ್ಲಾಕ್ ಹೇಳಿದ.

"ಸರಿ. ನಿಮ್ಮ ದ್ವೀಪಕ್ಕೆ ಸೇತುವೆ ಬೇಕು ಅಂತ ಹನ್ನೆರಡು ವರ್ಷ ರಾಜಧಾನಿಗೆ ಓಡಾಡಿದೀನಿ. ಇನ್ನು ಒಂದು ಸಹಿ ಬಾಕಿ. ಓಡ್ಮುಂಡ್ ಬಂದ್ರೆ ಆ ಸೇತುವೆ ಬಿಟ್ಟು ತನ್ನ ಬೀದಿಗೆ ಈಜುಕೊಳ ಕಟ್ಟಿಸ್ತಾನೆ. ಬಿರುಗಾಳಿ ದಿನ ದೋಣಿ ನಿಂತಾಗ ನಿಮ್ಮಪ್ಪ ಅಮ್ಮ ಆ ಕಡೆ ದಡದಲ್ಲಿ ನಿಂತು ಈಜುಕೊಳದ ಕಡೆ ಕೈ ಬೀಸಲಿ. ಬುಧವಾರ ನಿಮ್ಮ ಆಟ, ಗುರುವಾರ ನಮ್ಮ ಸಭೆ. ನನ್ನನ್ನ ನಗೆಪಾಟಲು ಮಾಡು ಮಾರಾಯ. ಬೇಡ್ಕೋತೀನಿ. ನಾನು ಸುಮ್ಮನೆ ಆ ತಣ್ಣೀರಿಗೆ ಬಿದ್ದೆನಾ?"

ಅವರು ಹೋದ ಮೇಲೆ ಸುನ್ನಿವಾ ಲೆಕ್ಕ ಹಾಕಿದಳು. ಆಟ ಸಂಜೆ ಆರಕ್ಕೆ ಶುರು, ದ್ವೀಪಗಳಿಗೆ ಕೊನೆಯ ದೋಣಿ ಎಂಟೂವರೆಗೆ. ಒಂದು ನಿಮಿಷ ಹೆಚ್ಚಿಸುವ ಹಾಗಿಲ್ಲ. ಮೇಯರಮ್ಮ ಒಳಗೆ ಬಂದರೆ ಸಮುದ್ರ ಹೊರಗೆ.

"ಎರಡು ವರ್ಷ ಬಾಲದ ದಾರ ಎಳೆದಿದೀನಿ," ಅಂದ ಅಸ್ಲಾಕ್. "ಒಂದು ಸಲ, ಜನ ನನ್ನ ಮಾತು ಕೇಳಬೇಕು. ಒಂದೇ ಸಲ."

ಸುನ್ನಿವಾ ಅವನ ಮುಖ ನೋಡಿದಳು. ಹನ್ನೆರಡು ಸೆಕೆಂಡು ಹಿಡಿಯಿತು.

"ಬ್ರೇದೆ ಮೇಯರಮ್ಮ. ಅವನು ಬೀಳೋದು ನಿನ್ನ ಮೇಲೆ. ಬಿದ್ದ ಮೇಲೆ ಸಮುದ್ರಕ್ಕೆ ಒಂದು ನಿಮಿಷ ಮಾತು. ಒಂದು ನಿಮಿಷ ಒಂದು ಸೆಕೆಂಡ್ ಆದ್ರೆ ದೀಪ ಆರಿಸ್ತೀನಿ."

ಅಸ್ಲಾಕ್ ಹನ್ನೊಂದು ನಿಮಿಷದ ಸಾರವನ್ನೆಲ್ಲ ಹಿಂಡಿ ಒಂದು ನಿಮಿಷಕ್ಕೆ ಇಳಿಸಿದ. ಹಿಂಡುವಾಗ ಸಾಮಾನ್ಯವಾಗಿ ಉಳಿಯುವುದು ಅತಿ ಗಂಭೀರವಾದದ್ದೇ. ಹೊಸ ಪಟ್ಟಿ ಮುದ್ರಿಸಲು ಸಮಯವಿರಲಿಲ್ಲ.

ಬುಧವಾರ ಸಂಜೆ ಸಭಾಂಗಣದಲ್ಲಿ ಆರು ನೂರು ಕುರ್ಚಿ, ಎಂಟು ನೂರು ಜನ. ದೋಣಿಯ ಕ್ಯಾಪ್ಟನ್ ಕೂಡ ಬಂದು ಬಾಗಿಲ ಬಳಿ ನಿಂತಿದ್ದ. ಮುಂದಿನ ಸಾಲಿನ ನಡುವೆ ಹೊಸ ಸ್ವೆಟರ್‌ನಲ್ಲಿ ಗುನ್ವೊರ್. ಅವರ ಪಕ್ಕದಲ್ಲಿ ಓಡ್ಮುಂಡ್, ಕಪ್ಪು ಕೋಟು, ಕೈಯಲ್ಲಿ ಮಡಿಸಿದ ಕರವಸ್ತ್ರ. ಗುನ್ವೊರ್ ಬಂದು ಕೂತಾಗ ಹಿಂದಿನ ಸಾಲಿನವರು ದನಿ ತಗ್ಗಿಸಿದರು. ಯಾರೋ ಅವರ ಬೆನ್ನಿಗೆ ಒಂದು ದಿಂಬು ಇಟ್ಟರು.

ಯೋರುನ್‌ಳ ಪ್ರಹಸನಕ್ಕೆ ಜನ ನಕ್ಕರು. ಪಾದ್ರಿಗಳ ನಾಯಿಗೆ ಬಿದ್ದು ಬಿದ್ದು ನಕ್ಕರು. ಏಳೂವರೆಗೆ ಸುನ್ನಿವಾ ಪರದೆಯ ಮುಂದೆ ಬಂದು, "ಪಟ್ಟಿಯಲ್ಲಿ ಸಣ್ಣ ಬದಲಾವಣೆ. ಈಗ ನಮ್ಮ ಮೇಯರ್ ಗುನ್ವೊರ್ ಅವರ ದೋಣಿಕಟ್ಟೆ," ಅಂದಳು.

ಪರದೆ ಸರಿಯಿತು. ಟಾರ್ಪಾಲಿನ ಕೆಳಗೆ ಅಂಗಾತ ಮಲಗಿದ್ದ ಅಸ್ಲಾಕ್ ಕೈಕಾಲು ಆಡಿಸಿ ಅಲೆ ಎಬ್ಬಿಸಿದ. ವ್ಯಾಯಾಮದ ಮರದ ಪೆಟ್ಟಿಗೆಯೇ ದೋಣಿಕಟ್ಟೆ. ಬ್ರೇದೆ ಎರಡು ದಿಂಬು ಕಟ್ಟಿಕೊಂಡು, ಕೆನ್ನೆಗೆ ಬೀಟ್‌ರೂಟ್ ಉಜ್ಜಿಕೊಂಡು ಕತ್ತರಿ ಹಿಡಿದು ಬಂದ, ರಿಬ್ಬನ್ ಕತ್ತರಿಸಿದ, ಹಿಂದೆ ಹೆಜ್ಜೆಯಿಟ್ಟು ಬಿದ್ದ. ಚೆನ್ನಾಗಿಯೇ ಬಿದ್ದ.

ಯಾರೂ ನಗಲಿಲ್ಲ.

ಎಂಟು ನೂರು ಜನರ ಮೌನ ಹೇಗಿರುತ್ತದೆಂದು ಕೇಳದವರಿಗೆ ಹೇಳುವುದು ಕಷ್ಟ. ಮೂರು ಕಿಲೋಮೀಟರ್ ದೂರದ ದೀಪಸ್ತಂಭದಲ್ಲಿ ದೀಪ ತಿರುಗುವ ಸದ್ದು ಕೇಳಿಸಿತಂತೆ. ಸಾಯುತ್ತಿರುವ ಹೆಂಗಸನ್ನು ಈ ಮಕ್ಕಳು ಆಡಿಕೊಳ್ಳುತ್ತಿದ್ದಾರೆ, ಅದೂ ಆಕೆ ಎದುರಿಗೇ ಕೂತಿರುವಾಗ. ಆ ಮೌನದಲ್ಲಿ ಒಬ್ಬರೇ ಒಬ್ಬರು ತೊಡೆ ತಟ್ಟಿಕೊಂಡು ಗಹಗಹಿಸಿ ನಕ್ಕರು. ಅದು ಗುನ್ವೊರ್.

"ಎಂಥ ಧೈರ್ಯ," ಎಂದು ಹಿಂದಿನಿಂದ ಯಾರೋ ಬಿಕ್ಕಿದರು.

ಟಾರ್ಪಾಲಿನ ಕೆಳಗಿದ್ದ ಅಸ್ಲಾಕ್‌ಗೆ ಇದೊಂದೂ ಕಾಣಲಿಲ್ಲ. ಮೌನ ಮಾತ್ರ ಕೇಳಿಸಿತು. ಇಡೀ ಊರು ತನ್ನ ಮಾತಿಗಾಗಿ ಉಸಿರು ಬಿಗಿಹಿಡಿದಿದೆ ಎಂದುಕೊಂಡು ಅವನ ಎದೆಯುಬ್ಬಿತು. ಎರಡು ವರ್ಷ ಹಸುವಿನೊಳಗೆ ಅಡಗಿದ್ದ ದನಿಯನ್ನೆಲ್ಲ ತೆಗೆದು ಸಮುದ್ರ ಮಾತಾಡಿತು:

"ನಾನು ಸಮುದ್ರ. ಬಾ, ದಣಿದವಳೇ. ನನ್ನ ಬಳಿಗೆ ಬಂದವರು ಯಾರೂ ಮರಳಿ ಹೋಗುವುದಿಲ್ಲ. ನಿನ್ನ ಕತ್ತರಿಯನ್ನು ಕೆಳಗಿಡು. ನಿನ್ನ ಕೆಲಸ ಮುಗಿಯಿತು."

ಓಲೌಗ್ ಅಜ್ಜಿ ಗೊಳೋ ಎಂದು ಅತ್ತಳು. ಅವಳ ಹಿಂದೆ ಮೂರು ಸಾಲು ಅತ್ತಿತು. ಪಾದ್ರಿಗಳು ಅಭ್ಯಾಸಬಲದಿಂದ ಎದ್ದು ನಿಂತರು. ಪರದೆಯ ಪಕ್ಕದಲ್ಲಿ ಸುನ್ನಿವಾ ದೀಪದ ಗುಂಡಿಯ ಮೇಲೆ ಬೆರಳಿಟ್ಟು, ಹುಟ್ಟಿದಾಗಿನಿಂದ ಮೊದಲ ಸಲ ಗಡಿಯಾರ ನೋಡುವುದನ್ನು ಮರೆತಳು. ಓಡ್ಮುಂಡ್ ಮಡಿಸಿದ ಕರವಸ್ತ್ರವನ್ನು ಗುನ್ವೊರ್ ಕೈಗಿಟ್ಟು, ಮೃದುವಾಗಿ, "ಪರದೆಗೆ ತಿಳಿ ನೀಲಿ ಬಣ್ಣ ಆರಿಸಿದೀನಿ. ನಿಮಗೆ ಇಷ್ಟವಾಗ್ತಿತ್ತು," ಅಂದ.

ಆಗ್ತಿತ್ತು ಎಂದದ್ದೇ ತಡ.

ಗುನ್ವೊರ್ ಎದ್ದರು. ಮೆಟ್ಟಿಲು ಹುಡುಕುವ ಗೋಜಿಗೆ ಹೋಗದೆ ವೇದಿಕೆಗೆ ಹತ್ತಿದರು. ಬ್ರೇದೆಯ ಕೈಯಿಂದ ಕತ್ತರಿ ಕಿತ್ತುಕೊಂಡರು.

"ಕೇಳ್ರಪ್ಪ. ನನಗೆ ಕಾಯಿಲೆ ಇಲ್ಲ."

"ಹೌದು ಹೌದು," ಅಂತು ಸಭೆ, ಮಗುವಿಗೆ ಹೇಳುವ ಹಾಗೆ.

"ಡಾಕ್ಟರನ್ನ ಕೇಳಿ."

"ಡಾಕ್ಟರು ಒಳ್ಳೆಯವರು, ಹೇಳಲ್ಲ," ಅಂದಳು ಯೋರುನ್ ಕಣ್ಣೊರೆಸಿಕೊಳ್ಳುತ್ತ. "ಕೂತ್ಕೊಳ್ಳಿ ಗುನ್ವೊರ್. ಆಯಾಸ ಆಗುತ್ತೆ."

"ಯಾರಾದ್ರೂ ಅವರಿಗೆ ಕುರ್ಚಿ ಕೊಡ್ರೋ."

"ಕುರ್ಚಿನಾ," ಅಂದರು ಗುನ್ವೊರ್. ಹನ್ನೆರಡು ವರ್ಷ ಊರಿನ ಎಲ್ಲ ಸಭೆಗಳನ್ನು ಸಹಿಸಿದ ಹೆಂಗಸು ಅವರು. ಆ ಸಹನೆ ಅಲ್ಲಿಗೆ, ಆ ಕುರ್ಚಿಯ ಬಳಿ, ತೀರಿತು. ಮರದ ಪೆಟ್ಟಿಗೆ ಹತ್ತಿದರು. ಕತ್ತರಿ ಮೇಲೆತ್ತಿದರು. ಅಸ್ಲಾಕ್ ಟಾರ್ಪಾಲಿನ ಕೆಳಗೆ ಎರಡನೆಯ ಪ್ಯಾರಾ ಶುರುಮಾಡಲು ಬಾಯಿ ತೆರೆಯುತ್ತಿದ್ದ, "ಓ ಮನುಕುಲವೇ, ನಿನ್ನ ಭಾರ ನನಗೆ" ಎಂಬಲ್ಲಿಗೆ ಬಂದಿದ್ದ. ಆಗ ಜಿಲ್ಲೆಯ ಮಾಜಿ ಗುಂಡು ಎಸೆತದ ಚಾಂಪಿಯನ್ ಬೆನ್ನು ಹಿಂದೆ ಮಾಡಿ, ಎರಡೂ ಕಾಲು ಗಾಳಿಗೆ ಬಿಟ್ಟು, ಪೂರ್ತಿ ಸಮುದ್ರದ ಮೇಲೆ ಕೂತರು.

"ಅಮ್ಮಾ," ಅಂತು ಸಮುದ್ರ.

ಆಮೇಲೆ ಟಾರ್ಪಾಲಿನ ಅಂಚಿನಿಂದ ಒಂದು ಉದ್ದ ಕಾಲು ಹೊರಬಂದು, ನಿಧಾನವಾಗಿ ಮೇಲೆದ್ದು, ನಡುಗಿ, ಮಲಗಿತು. ಗುನ್ವೊರ್ ಟಾರ್ಪಾಲಿನ ಮೂಲೆಯನ್ನು ತಲೆಗೆ ಸುತ್ತಿಕೊಂಡು ಎದ್ದು ನಿಂತು ಘೋಷಿಸಿದರು: "ಈಗ ಕಟ್ಟೆ ಉದ್ಘಾಟನೆಯಾಗಿದೆ."

ಮೊದಲು ನಕ್ಕವನು ದೋಣಿಯ ಕ್ಯಾಪ್ಟನ್. ಬಾಗಿಲ ಬಳಿಯಿಂದ ಆ ನಗು ಸಾಲು ಸಾಲಾಗಿ ಮುಂದೆ ಬಂತು. ಅಳುತ್ತಿದ್ದವರು ಅಳುತ್ತಲೇ ನಕ್ಕರು. ಓಲೌಗ್ ಅಜ್ಜಿ, "ಸಾಯೋರು ಹೀಗೆ ಬೀಳಲ್ಲ, ಸಾಯೋರು ಹೀಗೆ ಬೀಳಲ್ಲ," ಎಂದು ಪಕ್ಕದವರ ಬೆನ್ನು ಗುದ್ದಿದಳು. ಸುನ್ನಿವಾಳ ಗಡಿಯಾರದ ಪ್ರಕಾರ ನಗು ಒಂಬತ್ತು ನಿಮಿಷ ನಲವತ್ತು ಸೆಕೆಂಡು ನಡೆಯಿತು. ಕೊನೆಯ ದೋಣಿ ಅಂದು ಹನ್ನೊಂದು ನಿಮಿಷ ತಡವಾಗಿ ಹೊರಟಿತು. ಅಷ್ಟು ತಡವಾಗಿ ಅದು ಹಿಂದೆ ಹೊರಟದ್ದು ಯುದ್ಧಕಾಲದಲ್ಲಿ.

ಗುರುವಾರದ ಸಭೆಯಲ್ಲಿ ಗುನ್ವೊರ್ ಹೆಸರನ್ನು ಒಕ್ಕೊರಲಿನಿಂದ ಪಟ್ಟಿಯ ಮೊದಲಿಗೆ ಹಾಕಿದರು. ಓಡ್ಮುಂಡ್ ಎರಡೂ ಕೈ ಎತ್ತಿದ. ತಿಳಿ ನೀಲಿ ಪರದೆ ಈಗ ಅವನ ಮನೆಯ ಹಜಾರದಲ್ಲಿದೆ. ಕಿಟಕಿಗಿಂತ ಒಂದೂವರೆ ಮೀಟರ್ ಉದ್ದ.

ಅದೇ ಗುರುವಾರ ಬೆಳಿಗ್ಗೆ ಅಸ್ಲಾಕ್ ಡಾಕ್ಟರ ಕಾಯುವ ಕೋಣೆಯಲ್ಲಿ ಕೂತಿದ್ದ. ಎಡಗಡೆಯ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. "ನಗಬೇಡ, ಕೂಗಬೇಡ, ಜೋರಾಗಿ ಉಸಿರೆಳೀಬೇಡ, ಮೂರು ವಾರ," ಅಂದರು ಡಾಕ್ಟರು. ಅವನಿಗೆ ಬೇಜಾರೇನೂ ಆಗಲಿಲ್ಲ. ನಾಡಿದ್ದು ಶನಿವಾರ ಪತ್ರಿಕೆಯಲ್ಲಿ ವಿಮರ್ಶೆ ಬರುವುದಿತ್ತು. ಆ ದಿನದ ಪುಟಕ್ಕೆಂದು ಅವನು ತನ್ನ ದಪ್ಪ ಪುಸ್ತಕದ ರಂಗಭೂಮಿ ಭಾಗದಲ್ಲಿ ಅಂಟಿಸಲು ಜಾಗ ಬಿಟ್ಟಿದ್ದ.

ಶನಿವಾರ ಅಜ್ಜಿ ವಾಫಲ್ ಸುಟ್ಟು, ಕಂದು ಚೀಸ್ ಹೆರೆದಿಟ್ಟು ಚರ್ಚಿನ ಬಜಾರಿಗೆ ಹೋದಳು. ಅಸ್ಲಾಕ್ ಪತ್ರಿಕೆ ಬಿಡಿಸಿದ. ಅರ್ಧ ಪುಟದ ವಿಮರ್ಶೆ. ಇಪ್ಪತ್ತೇಳು ಜನ ಆಡಿಸಿಕೊಂಡವರ ಹೆಸರಿತ್ತು, ಗುನ್ವೊರ್ ಹೆಸರು ನಾಲ್ಕು ಸಲ. ಬ್ರೇದೆಯ ಹೆಸರಿತ್ತು. ದೀಪ ಆರಿಸದೆ ಇದ್ದದ್ದಕ್ಕೆ ಸುನ್ನಿವಾಗೆ ಹೊಗಳಿಕೆ ಇತ್ತು. ಈ ವರ್ಷದ ಹಸುವಿನ ಹಿಂಗಾಲಿನ ಬಗ್ಗೆ ಎರಡು ಸಾಲು, ಭಾವಪೂರ್ಣ ಎಂಬ ಮಾತಿನೊಂದಿಗೆ, ಹೆಸರು ಸಮೇತ ಇತ್ತು. ಅಸ್ಲಾಕ್ ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ಓದಿದ. "ಟಾರ್ಪಾಲು ಒಳ್ಳೆಯ ಗುಣಮಟ್ಟದ್ದು" ಎಂಬುದನ್ನು ಬಿಟ್ಟರೆ ಸಮುದ್ರದ ಸುದ್ದಿಯೇ ಇರಲಿಲ್ಲ. ಅವನ ಹೆಸರು ಎಲ್ಲಿಯೂ ಇರಲಿಲ್ಲ.

ಪತ್ರಿಕೆ ಊರಿನ ಎಲ್ಲ ಮನೆಗೂ ಬೆಳಿಗ್ಗೆ ಎಂಟಕ್ಕೆ ತಲುಪುತ್ತದೆ. ಎಂಟೂ ಮುಕ್ಕಾಲಿಗೆ ಬಾಗಿಲ ಗಂಟೆ ಹೊಡೆಯಿತು.

ಯೋರುನ್ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ದೊಡ್ಡ ಪಾತ್ರೆ, ಮುಚ್ಚಳಕ್ಕೆ ಟೇಪು. ಅವಳ ಹಿಂದೆ, ಗೇಟಿನ ಬಳಿ, ಇನ್ನೂ ಇಬ್ಬರು ಪಾತ್ರೆ ಹಿಡಿದು ಸರದಿ ಕಾಯುತ್ತಿದ್ದರು.

"ಗುರುವಾರ ನಿನ್ನನ್ನ ಡಾಕ್ಟರ ಹತ್ರ ನೋಡಿದೋರು ಹೇಳಿದ್ರು," ಅಂದಳು ಅವಳು ತೀರ ಮೆಲ್ಲಗೆ. "ನಾನು ನಂಬಿರಲಿಲ್ಲ. ಈಗ ಪೇಪರ್ ನೋಡಿದೆ."

ಅಸ್ಲಾಕ್ ಊರಿಗೆಲ್ಲ ಕೇಳುವಂತೆ ಅರಚಲು ಎದೆತುಂಬ ಉಸಿರೆಳೆದ. ಪಕ್ಕೆಲುಬು ಚುಳ್ಳೆಂದಿತು. ಒಂದು ಕೈ ಎದೆಗೆ ಹೋಯಿತು, ಇನ್ನೊಂದು ಕೈ ಬಾಗಿಲಿಗೆ. ಕಣ್ಣಲ್ಲಿ ನೀರು ತುಂಬಿತು. ಬಾಯಿಂದ ಗಾಳಿಯಷ್ಟೇ ಬಂತು:

"ನನಗೆ... ಏನೂ... ಆಗಿಲ್ಲ."

ಯೋರುನ್ ಪಾತ್ರೆಯನ್ನು ಹೊಸ್ತಿಲ ಒಳಗೆ, ಸದ್ದಾಗದ ಹಾಗೆ ಇಟ್ಟಳು.

"ಪಾತ್ರೆಗೆ ಅವಸರ ಇಲ್ಲಪ್ಪ," ಅಂದಳು.